ಅಬೂಕೀರ್‌ನಲ್ಲಿ ಕೈಬದಲಾದ ಸ್ಪಾರ್ಕ್ ಪ್ಲಗ್

1930ರ ಮೇ ತಿಂಗಳ ಆಕಾಶವನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಇಂಗ್ಲೆಂಡಿಗೂ ಭಾರತಕ್ಕೂ ನಡುವೆ ಸಾವಿರಾರು ಮೈಲಿ ಕಡಲು, ಮರಳು, ಬೆಟ್ಟ. ಅದರ ಮೇಲೆ ಅಲ್ಲೊಂದು ಇಲ್ಲೊಂದು ಪುಟ್ಟ ವಿಮಾನ, ಒಂದೊಂದರಲ್ಲೂ ಒಬ್ಬೊಬ್ಬರೇ. ಈ ದಾರಿಯನ್ನು ಒಂಟಿಯಾಗಿ ಹಾರಿ ಮುಗಿಸುವ ಮೊದಲ ಭಾರತೀಯನಿಗೆ ಆಗಾ ಖಾನ್ 500 ಪೌಂಡ್ ಬಹುಮಾನ ಸಾರಿದ್ದರು. ಕರಾಚಿಯಿಂದ ಹೊರಟವರು ಜೆ.ಆರ್.ಡಿ. ಟಾಟಾ, ವಯಸ್ಸು 25. ಇಂಗ್ಲೆಂಡಿನಿಂದ ಎದುರು ಬಂದವನು ಆಸ್ಪಿ ಇಂಜಿನಿಯರ್, ಇನ್ನೂ 17ರ ಹುಡುಗ. ಅದೇ ತಿಂಗಳ 5ರಂದು ಲಂಡನ್ ಬಳಿಯ ಕ್ರಾಯ್ಡನ್‌ನಿಂದ ಮೇಲೆದ್ದ ಇಂಗ್ಲಿಷ್ ವಿಮಾನ ಚಾಲಕಿ ಆಮಿ ಜಾನ್ಸನ್ ಕರಾಚಿ, ಝಾನ್ಸಿ, ಕಲ್ಕತ್ತಾ, ರಂಗೂನ್ ದಾಟಿ 24ರಂದು ಆಸ್ಟ್ರೇಲಿಯದ ಡಾರ್ವಿನ್ ಮುಟ್ಟಿದರು.

ಮೂವರದೂ ಜಿಪ್ಸಿ ಮಾತ್ ವಿಮಾನವೇ. ರೆಕ್ಕೆಯೆಂದರೆ ಮರದ ಚೌಕಟ್ಟಿಗೆ ಬಿಗಿದ ಬಟ್ಟೆ. ತಲೆಯ ಮೇಲೆ ಸೂರಿಲ್ಲ, ರೇಡಿಯೊ ಇಲ್ಲ. ಒಂದು ದಿಕ್ಸೂಚಿ, ಒಂದು ನಕ್ಷೆ, ಕೆಳಗೆ ಕಂಡರೆ ಕಂಡೀತು ಎನ್ನುವ ರೈಲುಹಳಿ ಅಥವಾ ಕಡಲಂಚು. ಇಷ್ಟನ್ನೇ ನಂಬಿ ಒಬ್ಬ ಮನುಷ್ಯ ಖಂಡಗಳನ್ನು ದಾಟಿದನೆಂದರೆ ಆ ನಂಬಿಕೆ ಎಲ್ಲಿಂದ ಬಂತು?

ಈಜಿಪ್ಟಿನ ಅಲೆಕ್ಸಾಂಡ್ರಿಯ ಹತ್ತಿರದ ಅಬೂಕೀರ್‌ನಲ್ಲಿ ಜೆ.ಆರ್.ಡಿ. ಇಳಿದಾಗ ಆಸ್ಪಿ ಅಲ್ಲೇ ಸಿಕ್ಕಿಬಿದ್ದಿದ್ದ. ಅವನಿಗೆ ಸ್ಪಾರ್ಕ್ ಪ್ಲಗ್ ಬೇಕಿತ್ತು. ಬೆರಳುದ್ದದ ವಸ್ತು ಅದು. ತುದಿಯಲ್ಲಿ ತೀರ ಕಿರಿದಾದ ಸಂದು. ಆ ಸಂದಿನಲ್ಲಿ ಕಿಡಿ ಹಾರಿದರೆ ಪೆಟ್ರೋಲಿನ ಆವಿ ಹೊತ್ತಿಕೊಂಡು ಇಂಜಿನ್ ತಿರುಗುತ್ತದೆ. ಮಸಿ ಕಟ್ಟಿತೋ, ಇಂಜಿನ್ ಕೆಮ್ಮತೊಡಗುತ್ತದೆ. ನಮ್ಮ ರಸ್ತೆಯಲ್ಲಾದರೆ ಸ್ಕೂಟರನ್ನು ಪಕ್ಕಕ್ಕೆ ತಳ್ಳಿಕೊಂಡು ಹೋಗಿ ಮೆಕ್ಯಾನಿಕ್‌ನನ್ನು ಹುಡುಕಬಹುದು. ಮರುಭೂಮಿಯ ಮೇಲೆ, ಒಂದೇ ಇಂಜಿನ್ ನಂಬಿ ಹಾರುವವನಿಗೆ ಅದು ಪ್ರಾಣದ ಪ್ರಶ್ನೆ.

ಜೆ.ಆರ್.ಡಿ. ತಮ್ಮಲ್ಲಿದ್ದ ಹೆಚ್ಚುವರಿ ಪ್ಲಗ್‌ಗಳನ್ನು ಕೊಟ್ಟರು. ಕೊಡದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ, ಪಂದ್ಯ ಪಂದ್ಯವೇ. ಆದರೆ ಅಷ್ಟು ದೊಡ್ಡ ಬಾನಿನಲ್ಲಿ ಇಂಜಿನ್ ಸದ್ದು ಒಂದು ಕ್ಷಣ ತಡವರಿಸಿದರೆ ಹೊಟ್ಟೆಯಲ್ಲಿ ಏನಾಗುತ್ತದೆಂದು ಬಲ್ಲವರು ಆಗ ಎಷ್ಟು ಮಂದಿ ಇದ್ದರು? ಅಂಥವರಲ್ಲಿ ಇಬ್ಬರು ಎದುರುಬದುರು ನಿಂತಿದ್ದರು. ಅವರಿಗಿಂತ ಹತ್ತಿರದ ನೆಂಟರು ಆ ಹೊತ್ತಿಗೆ ಭೂಮಿಯ ಮೇಲೆ ಇರಲಿಕ್ಕಿಲ್ಲ ಎನಿಸುತ್ತದೆ ನನಗೆ. ಕಡಲು ದಾಟಿದ್ದಕ್ಕಿಂತ ಈ ಕೊಡುವಿಕೆಯೇ ನನ್ನನ್ನು ಹೆಚ್ಚು ಬೆರಗುಗೊಳಿಸುತ್ತದೆ.

ಬಹುಮಾನ ಆಸ್ಪಿಗೆ ಸಿಕ್ಕಿತು. ಜೆ.ಆರ್.ಡಿ. ಹಾರುವುದನ್ನು ಬಿಡಲಿಲ್ಲ. 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬೈಗೆ ಅಂಚೆ ಚೀಲ ತಂದರು. ಅಲ್ಲಿಂದ ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ಅದನ್ನು ನಮ್ಮ ಬಳ್ಳಾರಿಯ ಮೇಲೆ ಮದ್ರಾಸಿಗೆ ಒಯ್ದರು. ಆಸ್ಪಿ ವಾಯುಪಡೆ ಸೇರಿದರು, ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಮುನ್ನಡೆಸಿದರು, 1960ರಲ್ಲಿ ಭಾರತೀಯ ವಾಯುಪಡೆಯ ಮುಖ್ಯಸ್ಥರಾದರು.