ನಾಲ್ಕರಲ್ಲಿ ಒಂದು ಪಾಲು

ರಸ್ತೆ ಅಪಘಾತದಲ್ಲಿ ದುಡಿಯುವವನು ತೀರಿಹೋದರೆ ಮನೆಯವರಿಗೆ ಎಷ್ಟು ಪರಿಹಾರ ಕೊಡಬೇಕು ಎನ್ನುವುದಕ್ಕೆ ನಮ್ಮ ನ್ಯಾಯಾಲಯಗಳಲ್ಲಿ ಒಂದು ಲೆಕ್ಕವಿದೆ. 2009ರ ಸರಳಾ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಒಂದು ಹದಕ್ಕೆ ತಂದಿತು. ಸತ್ತವನು ಬದುಕಿದ್ದರೆ ತನ್ನ ಸಂಪಾದನೆಯಲ್ಲಿ ತನಗೆಂದು ಎಷ್ಟು ಖರ್ಚು ಮಾಡಿಕೊಳ್ಳುತ್ತಿದ್ದ ಎಂದು ಅಂದಾಜು ಮಾಡಿ ಮೊದಲು ಅದನ್ನು ಕಳೆಯುತ್ತಾರೆ. ಮದುವೆಯಾಗದವನಾದರೆ ಸಾಮಾನ್ಯವಾಗಿ ಅರ್ಧ. ಸಂಸಾರಿಯಾಗಿ, ಅವನನ್ನೇ ನಂಬಿದವರು ಎರಡು ಮೂರು ಜನ ಇದ್ದರೆ ಮೂರರಲ್ಲಿ ಒಂದು ಪಾಲು. ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ ಎಂದು ನಾಲ್ಕು ಜನವಾದರೆ ನಾಲ್ಕರಲ್ಲಿ ಒಂದು. ಉಳಿದ ಮುಕ್ಕಾಲು ಅವರದು.

ವಕೀಲರಿಗೆ ಇದು ದಿನನಿತ್ಯದ ಗುಣಾಕಾರ ಭಾಗಾಕಾರ. ಮಕ್ಕಳಾದ ಮೇಲೂ ಬೈಕ್ ಓಡಿಸಬಹುದೇ ಎಂಬ ಮಾತು ಎದ್ದಾಗಲೆಲ್ಲ ನನಗೆ ಈ ಲೆಕ್ಕವೇ ನೆನಪಾಗುತ್ತದೆ. ‘ನನ್ನ ಜೀವ, ನನ್ನಿಷ್ಟ’ ಎನ್ನುವವನು ಮದುವೆಗೆ ಮುಂಚೆ ಹೇಳುತ್ತಿದ್ದದ್ದೇ ಅರ್ಧ ಸತ್ಯ. ಎರಡನೇ ಮಗು ಹುಟ್ಟುವ ಹೊತ್ತಿಗೆ ಅದು ಕಾಲು ಸತ್ಯ.

ಆದರೆ ಈ ಪ್ರಶ್ನೆ ಹುಟ್ಟುವುದೇ ಬಾಗಿಲಲ್ಲಿ ಕಾರೂ ನಿಂತಿರುವ ಮನೆಗಳಲ್ಲಿ. ಟಿವಿಎಸ್ ಎಕ್ಸೆಲ್ಲಿನ ಎರಡೂ ಕಡೆ ಹಾಲಿನ ಕ್ಯಾನು ನೇತುಹಾಕಿಕೊಂಡು ಡೇರಿಗೆ ಹೊರಟವನಿಗೆ, ಕರಾವಳಿಯ ಓಣಿಗಳಲ್ಲಿ ಹಾರ್ನ್ ಹೊಡೆಯುತ್ತ ಮೀನು ಮಾರುವವನಿಗೆ ಮಕ್ಕಳಾದ ಮೇಲೆ ಗಾಡಿ ಇನ್ನಷ್ಟು ಬೇಕು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಜನ ದ್ವಿಚಕ್ರದ ಮೇಲಿದ್ದವರು. ಅವರೆಲ್ಲ ಮೋಜಿಗೆ ಹೊರಟವರಲ್ಲ. ಅವರಿಗೆ ಬೇಕಾದದ್ದು ಗುಂಡಿಯಿಲ್ಲದ ರಸ್ತೆ, ಹೊತ್ತಿಗೆ ಬರುವ ಬಸ್ಸು. ಉಪದೇಶ ಬೇಡ.

ನಾನು ಕೇಳುತ್ತಿರುವುದು ಭಾನುವಾರ ನಸುಕಿಗೆ ನಂದಿ ಬೆಟ್ಟದ ದಾರಿ ಹಿಡಿಯುವ ಅಪ್ಪಂದಿರನ್ನು. ಅವರ ಪ್ರೀತಿಯನ್ನು ಹುಚ್ಚಾಟ ಎಂದು ತಳ್ಳಿಹಾಕಲಾರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಪ್ಪನ ಯೆಜ್ಡಿಯನ್ನು ಒರೆಸಿ, ಎಣ್ಣೆ ಹಾಕಿ ಇಟ್ಟುಕೊಂಡ ಮಕ್ಕಳು ಇಂದಿಗೂ ಇದ್ದಾರೆ. ಕಿಕ್ ಹೊಡೆದ ಲಿವರನ್ನೇ ಮುಂದಕ್ಕೆ ಮಡಚಿದರೆ ಗೇರ್ ಆಗುವ ಆ ಗಾಡಿಯ ಮರ್ಮ ಪುಸ್ತಕ ಓದಿ ಬಂದದ್ದಲ್ಲ, ಅಪ್ಪನ ಕಾಲ ಬಳಿ ಕೂತು ಕಲಿತದ್ದು. ಅದೂ ಒಂದು ಪಿತ್ರಾರ್ಜಿತವೇ.

ಪಿತ್ರಾರ್ಜಿತ ಎಂದಾಗ ಇನ್ನೊಂದು ಕಾನೂನು ನೆನಪಾಗುತ್ತದೆ. ಮೈನರ್ ಮಗುವಿನ ಹೆಸರಿಗೇ ಜಮೀನೋ ಮನೆಯೋ ಇದ್ದರೆ, ಹೆತ್ತ ಅಪ್ಪನೂ ಕೋರ್ಟಿನ ಅನುಮತಿಯಿಲ್ಲದೆ ಅದನ್ನು ಮಾರುವಂತಿಲ್ಲ ಎನ್ನುತ್ತದೆ ಹಿಂದೂಗಳಿಗೆ ಅನ್ವಯಿಸುವ 1956ರ ಕಾಯ್ದೆ. ಅನುಮತಿ ಸಿಗುವುದು ಎರಡೇ ಕಾರಣಕ್ಕೆ: ಅನಿವಾರ್ಯವಾಗಿರಬೇಕು, ಇಲ್ಲವೇ ಮಗುವಿಗೆ ಕಣ್ಣಿಗೆ ಕಾಣುವ ಲಾಭವಿರಬೇಕು. ಐದು ಗುಂಟೆ ಜಾಗಕ್ಕೆ ಇಷ್ಟು ಕಾವಲಿರುವಾಗ ಅಪ್ಪನ ಜೀವದಲ್ಲಿರುವ ಮಗುವಿನ ಪಾಲಿಗೆ ಬೇಡವೇ? ಈ ಒರೆಗೆ ಹಚ್ಚಿದರೆ ಹಾಲಿನವನ ಗಾಡಿ ಸಲೀಸಾಗಿ ಪಾಸು. ಬೆಳಗಿನ ಬೆಳಕಿನಲ್ಲಿ ನಿಧಾನವಾಗಿ ಸುತ್ತಿ, ನಗುನಗುತ್ತ ತಿಂಡಿಗೆ ಮನೆಗೆ ಬರುವ ಅಪ್ಪನನ್ನೂ ನಾನು ಪಾಸು ಮಾಡುತ್ತೇನೆ. ಸಿಡುಕದ ಅಪ್ಪ ಮಗುವಿಗೆ ಲಾಭವೇ. ಮಳೆಗಾಲದ ರಾತ್ರಿ ಚಾರ್ಮಾಡಿ ಇಳಿಯುವ ಪಂದ್ಯ ಮಾತ್ರ ಯಾವ ಕಾರಣಕ್ಕೂ ನಿಲ್ಲುವುದಿಲ್ಲ. ಅಲ್ಲಿ ಪಣಕ್ಕಿಡುವುದು ಇನ್ನೊಬ್ಬರ ಮುಕ್ಕಾಲನ್ನು.

ತಾಯಂದಿರಿಗೂ ಇದೇ ಒರೆ, ಹೆಚ್ಚಿಲ್ಲ, ಕಡಿಮೆಯಿಲ್ಲ. ಹಾರ್ಲೆ ಡೇವಿಡ್ಸನ್ ಮೇಲೆ ದೇಶ ಸುತ್ತುತ್ತಿದ್ದ ಜೈಪುರದ ವೀನು ಪಾಲಿವಾಲ್ 2016ರ ಏಪ್ರಿಲ್‌ನಲ್ಲಿ ಮಧ್ಯಪ್ರದೇಶದ ವಿದಿಶಾ ಬಳಿ ಅಪಘಾತದಲ್ಲಿ ತೀರಿಕೊಂಡರು. ಇಬ್ಬರು ಮಕ್ಕಳ ತಾಯಿ. ಬುಲೆಟ್ ಹತ್ತಿದ ಹೆಂಗಸಿಗೆ ‘ಮಕ್ಕಳನ್ನ ಯಾರ ಹತ್ರ ಬಿಟ್ಟು ಬಂದ್ರಿ?’ ಎಂದು ಕೇಳುವ ಬಾಯಿ, ಪಕ್ಕದಲ್ಲೇ ನಿಂತ ಗಂಡಸಿಗೆ ಮೈಲೇಜ್ ಎಷ್ಟು ಕೊಡುತ್ತೆ ಎಂದು ಕೇಳುತ್ತದೆ. ನನಗೆ ಹೆಚ್ಚು ದಿಗಿಲು ಹುಟ್ಟಿಸುವುದು ಮಗುವನ್ನು ಅಜ್ಜಿಯ ಬಳಿ ಬಿಟ್ಟು ಗಂಡ ಹೆಂಡತಿ ಇಬ್ಬರೂ ಒಂದೇ ಬೈಕಿನಲ್ಲಿ ಲಡಾಖ್‌ಗೆ ಹೊರಡುವುದು. ಅಪ್ಪ ಇಲ್ಲವಾದರೆ ಮಮತೆಯ ನಷ್ಟಕ್ಕೆಂದು 2018ರ ಸುಮಾರಿಗೆ ಕೋರ್ಟುಗಳು ಮಗುವಿಗೆ ಕೊಡಿಸುತ್ತಿದ್ದದ್ದು 40,000 ರೂಪಾಯಿ. ಅಷ್ಟಕ್ಕೆ ಒಂದು ಒಳ್ಳೆಯ ಬೈಕೂ ಬರುವುದಿಲ್ಲ.

ಇನ್ನು ಸೋಮವಾರ. ಹಿಂದಿನ ದಿನ ದಪ್ಪ ಜಾಕೆಟ್ಟು, ಮೊಣಕಾಲಿಗೆ ಕವಚ, ಬೆಲೆಬಾಳುವ ಹೆಲ್ಮೆಟ್ಟು ತೊಟ್ಟು ಹೋಗಿದ್ದ ಅದೇ ಅಪ್ಪ ಚಪ್ಪಲಿ ಮೆಟ್ಟಿಕೊಂಡು, ಮಗಳನ್ನು ಟ್ಯಾಂಕಿನ ಮೇಲೆ ಕೂರಿಸಿ ಶಾಲೆಗೆ ಹೊರಡುತ್ತಾನೆ. ಅವಳ ಎರಡು ಕೈ ಕನ್ನಡಿಯ ಕಡ್ಡಿಗಳ ಮೇಲೆ, ತಲೆಯ ಮೇಲೆ ರಿಬ್ಬನ್ನು. ನಾಲ್ಕು ವರ್ಷ ದಾಟಿದ ಮಗುವಿಗೆ ಹೆಲ್ಮೆಟ್ ಕಡ್ಡಾಯ. ಅದಕ್ಕಿಂತ ಚಿಕ್ಕದಾದರೆ ಹೆಲ್ಮೆಟ್ಟಿನ ಜೊತೆ ಸವಾರನ ಮೈಗೆ ಕಟ್ಟುವ ಬೆಲ್ಟು, 40 ಕಿಲೋಮೀಟರ್ ವೇಗದ ಮಿತಿ. 2022ರಲ್ಲಿ ಪ್ರಕಟವಾದ ನಿಯಮ. ಶಾಲೆಯ ಗೇಟಿನ ಮುಂದೆ ಆ ಬೆಲ್ಟನ್ನು ನಾನಂತೂ ಕಂಡಿಲ್ಲ. ನಮ್ಮ ಬೀದಿಯ ಇಂಥ ಒಬ್ಬ ಅಪ್ಪನನ್ನು ಕೇಳಿಯೂ ನೋಡಿದೆ. ಗಾಡಿ ನಿಲ್ಲಿಸದೆಯೇ ನಕ್ಕು ಅಂದ: “ಇಲ್ಲೇ ಎರಡನೇ ಕ್ರಾಸು ಸಾರ್, ಪೊಲೀಸ್ ಇರಲ್ಲ.”