ಬೀಗದ ವಿದ್ಯೆಯೂ ಗುರುವಿನ ಹೊಣೆಯೂ

ವಿದ್ಯೆಯನ್ನು ಪಾತ್ರವರಿತು ಕೊಡಬೇಕೆಂಬುದು ನಮ್ಮ ಹಿರಿಯರ ಮತ. ಈ ಮತಕ್ಕೆ ಇಂದು ಹೊಸದೊಂದು ಪರೀಕ್ಷೆಯು ಒದಗಿದೆ. ಬ್ಯಾಂಕು, ಆಸ್ಪತ್ರೆ, ಕಚೇರಿಗಳೆಲ್ಲವೂ ಗಣಕಯಂತ್ರಗಳ ಜಾಲವನ್ನೇ ನೆಚ್ಚಿವೆ. ೨೦೨೨ನೆಯ ಇಸವಿಯ ನವೆಂಬರಿನಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಗಣಕಗಳು ದುಷ್ಟರ ಆಕ್ರಮಣಕ್ಕೀಡಾಗಿ, ಹಲವು ದಿನ ರೋಗಿಗಳ ನೋಂದಣಿಯನ್ನು ಕೈಬರಹದಿಂದಲೇ ನಡೆಸಬೇಕಾಯಿತು. ಇಂಥ ಜಾಲವನ್ನು ಕಾಯಬಲ್ಲ ತರುಣರು ದೇಶಕ್ಕೆ ಬೇಕೆಂಬುದು ನಿರ್ವಿವಾದವು. ಆದರೆ ಬೀಗದ ಒಳಗನ್ನು ಕಾಣದವನು ಅದರ ಬಲಾಬಲವನ್ನು ಹೇಳಲಾರನು. ಕಾಯಲು ಕಲಿಯುವವನು ಮುರಿಯುವ ಬಗೆಯನ್ನೂ ಅರಿಯಲೇಬೇಕು. ಇದನ್ನು ಎಳೆಯರಿಗೆ ಕಲಿಸುವುದು ಧರ್ಮವೇ?

ಇದು ಹಾವಿಗೆ ಹಾಲೆರೆದಂತೆಂದು ಕೆಲವರು ಆಕ್ಷೇಪಿಸಬಹುದು. ಅದಕ್ಕೆ ನಿದರ್ಶನವೂ ಉಂಟು. ೧೯೮೮ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಎಂಬವನು ಹರಿಯಬಿಟ್ಟ ಪುಟ್ಟ ಪ್ರೋಗ್ರಾಮೊಂದು, ತನ್ನನ್ನು ತಾನೇ ನಕಲು ಮಾಡಿಕೊಳ್ಳುತ್ತ, ಸಾವಿರಾರು ಗಣಕಗಳನ್ನು ಸ್ತಬ್ಧಗೊಳಿಸಿತು. ಅವನಲ್ಲಿ ವಿದ್ಯೆಗೆ ಕೊರತೆಯಿರಲಿಲ್ಲವಷ್ಟೆ.

ಆದರೆ ಮುಂದಾದುದನ್ನು ವಾಚಕರು ಗಮನಿಸಬೇಕು. ಆ ದೇಶದವರು ಪಾಠವನ್ನು ನಿಲ್ಲಿಸಲಿಲ್ಲ. ಅದೇ ವರ್ಷ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಇಂಥ ಆಪತ್ತುಗಳನ್ನೆದುರಿಸುವ ತಂಡವೊಂದನ್ನು ನಿಲ್ಲಿಸಿದರು. ನಮ್ಮಲ್ಲಿಯೂ ೨೦೦೪ರಿಂದ ‘ಸರ್ಟ್-ಇನ್’ ಎಂಬ ಸಂಸ್ಥೆಯು ಈ ಕಾರ್ಯವನ್ನು ನಡೆಸುತ್ತಿದೆ. ಮಾರಿಸನಿಗೆ ನ್ಯಾಯಾಲಯವು ಸೆರೆವಾಸವನ್ನು ವಿಧಿಸದೆ, ದಂಡವನ್ನೂ ೪೦೦ ಗಂಟೆಗಳ ಸಮಾಜಸೇವೆಯನ್ನೂ ವಿಧಿಸಿತು. ಆತನೇ ಮುಂದೆ ಮಸಾಚುಸೆಟ್ಸಿನ ಪ್ರಸಿದ್ಧ ತಾಂತ್ರಿಕ ವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದನು. ಕಳ್ಳನು ನಮ್ಮ ಶಾಲೆಯ ಅಪ್ಪಣೆಗಾಗಿ ಕಾಯುವುದಿಲ್ಲ. ವಿದ್ಯೆಯನ್ನು ಬಚ್ಚಿಟ್ಟರೆ ಬರಿಗೈಯಾಗುವವನು ಕಾವಲುಗಾರನೇ. ಕೃತಕ ಬುದ್ಧಿಮತ್ತೆ ಬಂದ ಮೇಲಂತೂ ಪರರ ದನಿಯನ್ನೂ ಮುಖವನ್ನೂ ನಕಲು ಮಾಡಲು ಪಾಂಡಿತ್ಯವೇ ಬೇಡವಾಗಿದೆ.

ಆದುದರಿಂದ ಪಾತ್ರವನ್ನು ಹುಡುಕುತ್ತ ಕೂಡುವ ಕಾಲ ಕಳೆಯಿತು; ಪಾತ್ರವನ್ನು ರೂಪಿಸುವುದೇ ಗುರುವಿನ ಕೆಲಸ. ಕೇಂದ್ರ ಪ್ರೌಢಶಿಕ್ಷಣ ಮಂಡಲಿಯು ೨೦೧೯ರಲ್ಲಿಯೇ ಒಂಬತ್ತನೆಯ ತರಗತಿಗೆ ಕೃತಕ ಬುದ್ಧಿಮತ್ತೆಯನ್ನು ಐಚ್ಛಿಕ ವಿಷಯವಾಗಿ ತಂದಿತು. ೨೦೨೪ರಲ್ಲಿ ಭಾರತ ಸರಕಾರವು ಹತ್ತು ಸಾವಿರ ಕೋಟಿಗೂ ಮಿಕ್ಕ ಹಣವನ್ನು ‘ಇಂಡಿಯಾ ಎಐ’ ಯೋಜನೆಗೆ ಮಂಜೂರು ಮಾಡಿತು. ಇವು ಸ್ವಾಗತಾರ್ಹವೇ, ಆದರೆ ತಲೆಯೆಣಿಕೆಯಿಂದ ಮಾತ್ರ ಇವುಗಳ ಫಲವನ್ನು ಅಳೆಯಬಾರದು. ಒಡೆಯನ ಅಪ್ಪಣೆಯಿಲ್ಲದೆ ಪರರ ಬಾಗಿಲನ್ನು ಮುಟ್ಟಲಾಗದು. ಕಂಡ ಬಿರುಕನ್ನು ಮೊದಲು ಒಡೆಯನಿಗೇ ತಿಳಿಸಬೇಕು. ಈ ಎರಡು ಮಾತುಗಳು ಮೊದಲ ದಿನದ ಪಾಠವಾಗಲಿ. ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯಲ್ಲಿ ತಪ್ಪಿಗೆ ಶಿಕ್ಷೆಯುಂಟು. ಆದರೆ ಶಿಕ್ಷೆಯು ತಪ್ಪಿನ ಬೆನ್ನಿಗೆ ಬರುವುದು.

ನಾನೂ ಬಹುಕಾಲ ಚುರುಕು ಹುಡುಗರಿಗೆ ಧಾರಾಳವಾಗಿ ಅಂಕಗಳನ್ನಿತ್ತು, ಅವರ ನಡತೆಯನ್ನು ವಿಚಾರಿಸದೆ ಬಿಟ್ಟದ್ದುಂಟು. ಬೀಗದ ಕೈಯನ್ನು ಕೊಡಹೊರಟ ಇಂದಿನ ಉಪಾಧ್ಯಾಯರಾದರೂ ಆ ತಪ್ಪನ್ನು ಮಾಡದಿರಲಿ.