ಒದೆತ ಯಾರಿಗೆ, ಪೆಟ್ಟು ಯಾರಿಗೆ?

ಮಾಡಿದ್ದುಣ್ಣೋ ಮಹಾರಾಯ ಅಂತೀವಲ್ಲ, ಅದಕ್ಕೆ ನ್ಯೂಟನ್ನಿನ ಮೂರನೇ ನಿಯಮವನ್ನೇ ಸಾಕ್ಷಿಗೆ ಎಳೆದು ತರುವವರಿದ್ದಾರೆ. ಪ್ರತಿ ಕ್ರಿಯೆಗೂ ಸಮನಾದ ಪ್ರತಿಕ್ರಿಯೆ ಇದೆ, ಹಾಗಾಗಿ ಹೊಡೆದವನಿಗೂ ಅಷ್ಟೇ ಪೆಟ್ಟು ಅಂತ. ನನಗಿದು ಒಪ್ಪಿಗೆಯಿಲ್ಲ. ಪೇಂಟ್‌ಬಾಲ್ ಲೆಕ್ಕ ನೋಡಿ.

ಗುಂಡು ಸುಮಾರು 3 ಗ್ರಾಂ, ವೇಗ ಸೆಕೆಂಡಿಗೆ 90 ಮೀಟರ್. ಮಾರ್ಕರ್, ಗಾಳಿ ಸಿಲಿಂಡರ್ ಎಲ್ಲಾ ಸೇರಿ 3 ಕೆಜಿ ಅಂದುಕೊಳ್ಳಿ. ಸಂವೇಗ ಎರಡೂ ಕಡೆ ಸಮ, ನಿಜ. ಆದರೆ ಮಾರ್ಕರ್ ಸಾವಿರ ಪಟ್ಟು ಭಾರ. ಅದು ಹಿಂದಕ್ಕೆ ಸರಿಯುವ ವೇಗ ಸೆಕೆಂಡಿಗೆ 9 ಸೆಂಟಿಮೀಟರ್ ಅಷ್ಟೇ. ಶಕ್ತಿ ಲೆಕ್ಕ ಹಾಕಿದರೆ ಗುಂಡಿನದು 12 ಜೂಲ್, ಒದೆತದ್ದು ಅದರ ಸಾವಿರದಲ್ಲೊಂದು ಪಾಲು. ಎದುರಿನವನ ತೊಡೆ ನೀಲಿಗಟ್ಟುತ್ತೆ; ಆ ಒದೆತ ನಮ್ಮ ಕೈಗೆ ಹೆಚ್ಚುಕಮ್ಮಿ ಗೊತ್ತೇ ಆಗಲ್ಲ.

ಇನ್ನೊಂದು ಸ್ವಾರಸ್ಯ. ಬ್ಲೋಬ್ಯಾಕ್ ಮಾರ್ಕರ್‌ನಲ್ಲಿ ಜೋರಾಗಿ ತಿಳಿಯುವ ಕುಲುಕಾಟ ಬಹುಪಾಲು ಗುಂಡಿನದಲ್ಲ, ಒಳಗೆ ಹಿಂದೆ ಮುಂದೆ ಬಡಿಯುವ ಹ್ಯಾಮರಿನದು.

ಟೀಮಿನ ಹುಡುಗನಿಗೆ ಮೀಟಿಂಗಿನಲ್ಲಿ ಎಲ್ಲರೆದುರು ಬೈದು, ಆಮೇಲೆ 'ನಂಗೂ ಅಷ್ಟೇ ಬೇಜಾರಾಯ್ತು ಕಣೋ' ಅನ್ನುವ ಮ್ಯಾನೇಜರುಗಳನ್ನು ನೋಡಿದ್ದೀನಿ. ಸುಳ್ಳೇನಲ್ಲ, ಏನೋ ಕುಲುಕಿರುತ್ತೆ. ಆದರೆ ಅದು ಅವರದೇ ಸಿಟ್ಟಿನ ಹ್ಯಾಮರು. ಕುರ್ಚಿ ಭಾರವಾದಷ್ಟೂ ಒದೆತ ಕಮ್ಮಿ. ಕೊಟ್ಟ ಪೆಟ್ಟನ್ನು ನಮ್ಮ ಕೈಯಿಂದ ಅಳೆಯೋಕಾಗಲ್ಲ, ತಿಂದವನನ್ನೇ ಕೇಳಬೇಕು.